ನೆಲ ನೋಡುತ್ತಿದ್ದ ಕನ್ನಡಿ

ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿದೆ. 2010ರಲ್ಲಿ ಅಪ್ಪ ತಮ್ಮ ನಿವೃತ್ತಿಯ ಹಣದಿಂದ ಕೊಂಡದ್ದು. ಅಪ್ಪ ಎಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಮಾವ, ಊರಿಗೆಲ್ಲ ಮಾಸ್ಟ್ರು. ಮಂಜೇಶ್ವರ, ಉಪ್ಪಳ ಕಡೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಅದುವರೆಗೆ ಸ್ಕೂಟರಿನಲ್ಲೇ ಓಡಾಡಿದ್ದ ಅವರಿಗೆ ಆ ಕಾರಿನಲ್ಲಿ ಬಹಳ ಮೆಚ್ಚುಗೆಯಾದದ್ದು ಎಸಿಯಲ್ಲ, ರೇಡಿಯೋವೂ ಅಲ್ಲ. ಒಳಗೆ ಕುಳಿತಲ್ಲಿಂದಲೇ ಗುಂಡಿ ಒತ್ತಿದರೆ ಹೊರಗಿನ ಕನ್ನಡಿ ಮೇಲೆ ಕೆಳಗೆ, ಅತ್ತ ಇತ್ತ ತಿರುಗುತ್ತಿತ್ತಲ್ಲ, ಅದು! ಮನೆಗೆ ಬಂದ ನೆಂಟರನ್ನೆಲ್ಲ ಕಾರಿನ ಬಳಿ ಕರೆದೊಯ್ದು ಅದನ್ನು ತೋರಿಸುತ್ತಿದ್ದರು. "ನೋಡಿ, ಹೇಳಿದ ಕೂಡಲೇ ಕೇಳುವ ವಿದ್ಯಾರ್ಥಿ ನನಗೆ ಸಿಕ್ಕಿದ್ದು ಇದೊಂದೇ" ಎಂದು ನಗುತ್ತಿದ್ದರು.

ಆ ಕಾರು ನಮ್ಮ ಮನೆಯದಾದರೂ ನೆರೆಕರೆಯವರಿಗೂ ಅದರಲ್ಲಿ ಪಾಲಿತ್ತು. ಪಕ್ಕದ ಮನೆಯ ಮಗಳನ್ನು ಹೆರಿಗೆಗೆಂದು ನಡುರಾತ್ರಿ ಮಂಗಳೂರಿಗೆ ಕರೆದೊಯ್ದದ್ದು ಅದೇ ಕಾರು. ಮುದುಕರೊಬ್ಬರಿಗೆ ಬ್ಯಾಂಕಿಗೆ ಹೋಗಬೇಕಾದರೆ, ಮಗುವಿಗೆ ಜ್ವರ ಬಂದರೆ, "ಮಾಸ್ಟ್ರು ಇದ್ದಾರಾ?" ಎಂದು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅಪ್ಪ ಅಂಗಿ ಹಾಕಿಕೊಂಡು, ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಹೊರಡುತ್ತಿದ್ದರು. ಆ ಮೊಳೆ ಮತ್ತು ಆ ಕೀಲಿಕೈಯ ವಿಷಯವಾಗಿ ನಮ್ಮಿಂದಾದ ಒಂದು ತಪ್ಪನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಬರಹ. ಅದರ ಜೊತೆಗೆ, ಹಳೆಯ ಕಾರಿನ ಸೈಡ್ ಮಿರರ್ ಕೆಟ್ಟರೆ ಮನೆಯಲ್ಲೇ ಎಷ್ಟು ಮಾಡಬಹುದು ಎಂಬುದನ್ನೂ ಹೇಳುತ್ತೇವೆ. ಯಾರಿಗಾದರೂ ಉಪಯೋಗವಾದೀತು.

ಕೈಯಿಂದ ತಳ್ಳಿದ ಕನ್ನಡಿ

2023ರ ಮಳೆಗಾಲದಲ್ಲಿ ಎಡಬದಿಯ ಕನ್ನಡಿ ಗುಂಡಿಯ ಮಾತು ಕೇಳುವುದನ್ನು ನಿಲ್ಲಿಸಿತು. ಬಲಬದಿಯದು ಸರಿಯಾಗಿಯೇ ಇತ್ತು. ನಮ್ಮಿಬ್ಬರಲ್ಲಿ ಒಬ್ಬರು ಉದ್ದ, ಇನ್ನೊಬ್ಬರು ಗಿಡ್ಡ. ಒಬ್ಬರು ಓಡಿಸಿದ ಮೇಲೆ ಇನ್ನೊಬ್ಬರು ಕುಳಿತರೆ ಸೀಟು, ಕನ್ನಡಿ ಎಲ್ಲವನ್ನೂ ಬದಲಾಯಿಸಿಕೊಳ್ಳಬೇಕು. ಬಲಗನ್ನಡಿಯನ್ನಾದರೆ ಕಿಟಕಿಯಿಂದ ಕೈ ಹಾಕಿ ಸರಿಪಡಿಸಬಹುದು. ಎಡಗನ್ನಡಿ ಚಾಲಕನ ಕೈಗೆ ಎಟಕುವುದಿಲ್ಲ. ಇಳಿದು ಸುತ್ತು ಬಂದು, ಗಾಜನ್ನು ಬೆರಳಿನಿಂದ ತಳ್ಳಿ, ಮತ್ತೆ ಬಂದು ಕುಳಿತು ನೋಡಿ, ಸರಿಯಾಗದಿದ್ದರೆ ಮತ್ತೆ ಇಳಿಯಬೇಕು. ಬೆಳಿಗ್ಗೆ ರೈಲು ಹಿಡಿಯುವ ಅವಸರದಲ್ಲಿ ಯಾರಿಗೆ ಅಷ್ಟು ತಾಳ್ಮೆ? ಗಾಜಿನ ಅಂಚಿಗೆ ಹೆಬ್ಬೆರಳು ಕೊಟ್ಟು ಜೋರಾಗಿ ಒತ್ತುತ್ತಿದ್ದೆವು. ಒಂದು ದಿನ ಒಳಗೆ 'ಟಕ್' ಎಂದ ಶಬ್ದ ಬಂತು. ಕನ್ನಡಿ ಹೇಗೂ ನಿಂತಿತಲ್ಲ ಎಂದು ಸುಮ್ಮನಾದೆವು.

ಗ್ಯಾರೇಜಿನಲ್ಲಿ ವಿಚಾರಿಸಿದಾಗ, "ಇದು ಪೂರ್ತಿ ಸೆಟ್ ಬದಲಾಯಿಸ್ಬೇಕು. ಹಳೇ ಮಾಡೆಲ್ ಅಲ್ವಾ, ತರಿಸ್ಬೇಕಷ್ಟೆ. ಆರೂವರೆ ಸಾವಿರ ಆಗ್ತದೆ" ಎಂದರು. ಹದಿಮೂರು ವರ್ಷದ ಕಾರಿಗೆ ಒಂದು ಕನ್ನಡಿಗಾಗಿ ಅಷ್ಟು ಹಣವೇ ಎಂದು ಮುಂದೆ ಹಾಕಿದೆವು. ಮನೆಯಲ್ಲಿ ಹೀಗೆ ಮುಂದೆ ಹಾಕಿದ ಕೆಲಸಗಳು ಎಷ್ಟೋ ಇರುತ್ತವೆ. ಮೊದಮೊದಲು ಕಿರಿಕಿರಿಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

2024ರ ಜೂನ್‌ನ ಆ ಸಂಜೆ

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿದ್ದ ಕಾಲವದು. ಎಲ್ಲ ವಾಹನಗಳೂ ಇಕ್ಕಟ್ಟಾದ ಸರ್ವೀಸ್ ರಸ್ತೆಯಲ್ಲೇ ಸಾಗಬೇಕಿತ್ತು. ಸ್ಕೂಟರು, ಬೈಕುಗಳು ಎಡಕ್ಕೂ ಬಲಕ್ಕೂ ನುಸುಳುತ್ತಿದ್ದವು. ಅಪ್ಪ ಅಮ್ಮನನ್ನು ಕರೆದುಕೊಂಡು ಔಷಧಿ ತರಲು ಹೋಗಿದ್ದರು. ಹಿಂದೆ ಬರುವಾಗ ನಮ್ಮ ಓಣಿಗೆ ಎಡಕ್ಕೆ ತಿರುಗಿಸಿದ್ದಾರೆ. ಅದೇ ಹೊತ್ತಿಗೆ ಎಡಬದಿಯಿಂದ ಸ್ಕೂಟರಿನಲ್ಲಿ ಒಬ್ಬ ತಾಯಿ, ಹಿಂದೆ ಶಾಲೆಯ ಬ್ಯಾಗು ಹಾಕಿದ ಮಗಳು. ಆ ತಾಯಿ ಬ್ರೇಕ್ ಹಾಕಿದರು. ಒದ್ದೆ ರಸ್ತೆಯಲ್ಲಿ ಸ್ಕೂಟರ್ ಜಾರಿ ಇಬ್ಬರೂ ಬಿದ್ದರು. ಮಗುವಿನ ಮೊಣಕೈ ತರಚಿತು, ಅಷ್ಟೇ. ಕಾರಿನ ಚಕ್ರದಿಂದ ಆ ಮಗು ಬಿದ್ದಿದ್ದ ಜಾಗಕ್ಕೆ ಒಂದು ಮೊಳ ದೂರವಿತ್ತು ಎಂದು ಅಮ್ಮ ಹೇಳಿದಾಗ ನಮ್ಮ ಕೈಕಾಲು ತಣ್ಣಗಾಯಿತು.

ಅಪ್ಪನಿಗೆ ಆಗ ಎಪ್ಪತ್ತನಾಲ್ಕು. ಕುತ್ತಿಗೆಯ ಎಲುಬು ಸವೆದು ಕೆಲವು ವರ್ಷಗಳಾಗಿದ್ದವು. ಕತ್ತು ಪೂರ್ತಿ ತಿರುಗಿಸಿ ಹಿಂದೆ ನೋಡಲು ಆಗುತ್ತಿರಲಿಲ್ಲ. ಆ ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಅವರ ಮುಂದೆ ಕುಳಿತೆವು. "ಇನ್ನು ಸಾಕು ಅಪ್ಪ. ಬೇಕಾದಲ್ಲಿಗೆ ನಾವು ಕರಕೊಂಡು ಹೋಗ್ತೇವೆ" ಎಂದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕನ್ನಡಿಯಲ್ಲಿ ಬರೀ ಡಾಂಬರು ಕಾಣ್ತಾ ಇತ್ತು ಮಕ್ಕಳೇ" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದು ಬೆಳಿಗ್ಗೆಯೇ ನಾವು ಕಾರು ಓಡಿಸಿದ್ದೆವು, ಕನ್ನಡಿ ಸರಿಯಾಗಿಯೇ ಇತ್ತು. ವಯಸ್ಸಾದವರು ತಪ್ಪನ್ನು ಒಪ್ಪಿಕೊಳ್ಳಲಾರದೆ ಏನೋ ಹೇಳುತ್ತಾರೆ ಎಂದುಕೊಂಡೆವು. ಬಾಯಿಬಿಟ್ಟು ಹೇಳಲಿಲ್ಲ ನಿಜ. ಆದರೆ ಮುಖ ನೋಡಿದರೆ ಗೊತ್ತಾಗದೇ? ಮೂವತ್ತು ವರ್ಷ ಮಕ್ಕಳ ಮುಖ ಓದಿದವರು ಅವರು. ಎದ್ದುಹೋಗಿ ಕೀಲಿಕೈ ತಂದು ನಮ್ಮ ಮುಂದಿಟ್ಟರು.

ಆಮೇಲೆ ಯಾರಾದರೂ "ಮಾಸ್ಟ್ರು ಇದ್ದಾರಾ?" ಎಂದು ಬಂದರೆ ಅಪ್ಪ ಒಳಗಿನಿಂದಲೇ, "ಈಗ ನಾನು ಓಡಿಸುದಿಲ್ಲ ಮಾರಾಯ್ರೇ" ಎನ್ನುತ್ತಿದ್ದರು. ಕ್ರಮೇಣ ಬರುವವರೂ ಕಡಿಮೆಯಾದರು. ಅಪ್ಪ ಜಗಲಿಯ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವುದು ಹೆಚ್ಚಾಯಿತು. ಕಾರು ತೊಳೆಯುವುದನ್ನು ಮಾತ್ರ ಬಿಡಲಿಲ್ಲ.

ಮಗ ಬಾಗಿಲು ಹಾಕಿದ

ಅಕ್ಟೋಬರಿನಲ್ಲಿ ಒಂದು ಭಾನುವಾರ ಪೂಜೆಗೆ ಹೊರಟಿದ್ದೆವು. ನಾವು ಇಳಿದು ಎಡಗನ್ನಡಿಯನ್ನು ಕೈಯಿಂದ ಸರಿಪಡಿಸಿ ಬಂದು ಕುಳಿತೆವು. ಒಂಬತ್ತನೆಯ ತರಗತಿಯ ಮಗ ಓಡಿ ಬಂದು ಮುಂದಿನ ಎಡ ಸೀಟಿನಲ್ಲಿ ಕುಳಿತು ಬಾಗಿಲನ್ನು ಧಡಾರನೆ ಹಾಕಿದ. ಬಯ್ಯೋಣವೆಂದು ಅತ್ತ ತಿರುಗಿದರೆ, ನಮ್ಮ ಕಣ್ಣೆದುರೇ ಕನ್ನಡಿಯ ಗಾಜು ಮೆಲ್ಲನೆ ಕೆಳಗೆ ಬಾಗಿತು. ಅದರಲ್ಲಿ ಕಾಣುತ್ತಿದ್ದದ್ದು ಹಿಂದಿನ ಚಕ್ರ ಮತ್ತು ಅಂಗಳದ ನೆಲ. ಬೇರೇನೂ ಇಲ್ಲ.

ಆಗ ಅರ್ಥವಾಯಿತು. ನಾವಿಬ್ಬರೂ ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಒಬ್ಬೊಬ್ಬರೇ. ಎಡಬಾಗಿಲು ಹಾಕುವ ಪ್ರಶ್ನೆಯೇ ಇಲ್ಲ. ಅಪ್ಪ ಹೋಗುವುದು ಅಮ್ಮನ ಜೊತೆಗೆ. ಅಮ್ಮ ಎಡಕ್ಕೆ ಹತ್ತಿ ಬಾಗಿಲು ಹಾಕಿದ ಕೂಡಲೇ ಗಾಜು ಕೆಳಗೆ ಜಾರುತ್ತಿತ್ತು. ಗುಂಡಿ ಒತ್ತಿ ಮೇಲೆತ್ತೋಣವೆಂದರೆ ಗುಂಡಿ ಸತ್ತಿತ್ತು. ಡಾಂಬರು ಕಾಣುತ್ತಿತ್ತು ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಆ ದಿನ ಪೂಜೆಯುದ್ದಕ್ಕೂ ನಮ್ಮ ಮನಸ್ಸು ಅಂಗಳದಲ್ಲೇ ಇತ್ತು.

ಮನೆಗೆ ಬಂದ ಕೂಡಲೇ ಅಪ್ಪನನ್ನು ಕರೆದು ತೋರಿಸಿದೆವು. ಅವರು ಎರಡು ಸಲ ಬಾಗಿಲು ಹಾಕಿ ತೆಗೆದು ನೋಡಿದರು. "ಸರಿ, ಇನ್ನು ಇದನ್ನು ರಿಪೇರಿ ಮಾಡುವ" ಎಂದರು. ಬೇರೇನೂ ಹೇಳಲಿಲ್ಲ. ನಮಗೂ ಮಾತು ಹೊರಡಲಿಲ್ಲ.

ಕನ್ನಡಿಯ ಹಿಂದೆ ಏನಿದೆ?

ನಮ್ಮ ನೆರೆಯಲ್ಲಿ ವಯರಿಂಗ್ ಕೆಲಸ ಮಾಡುವ ಒಬ್ಬ ಯುವಕನಿದ್ದಾನೆ, ಅಪ್ಪನ ಹಳೆಯ ವಿದ್ಯಾರ್ಥಿಯ ಮಗ. ಶನಿವಾರ ಬಂದು ಮೊದಲು ನಮಗೆ ಪಾಠ ಹೇಳಿದ. ಕನ್ನಡಿಯ ಗಾಜು ಒಂದು ಪ್ಲಾಸ್ಟಿಕ್ ತಟ್ಟೆಗೆ ಅಂಟಿರುತ್ತದೆ. ಆ ತಟ್ಟೆ ಕ್ಲಿಪ್ಪುಗಳ ಮೂಲಕ ಹಿಂದಿನ ಪುಟ್ಟ ಪೆಟ್ಟಿಗೆಗೆ ಕೂತಿರುತ್ತದೆ. ಪೆಟ್ಟಿಗೆಯೊಳಗೆ ಆಟಿಕೆಯಲ್ಲಿರುವಂಥ ಎರಡು ಚಿಕ್ಕ ಮೋಟಾರುಗಳು. ಒಂದು ಗಾಜನ್ನು ಮೇಲೆ ಕೆಳಗೆ ಮಾಡುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಎರಡಕ್ಕೂ ಸೇರಿ ಸಾಮಾನ್ಯವಾಗಿ ಮೂರೇ ತಂತಿಗಳು, ಅವುಗಳಲ್ಲಿ ಒಂದು ಇಬ್ಬರಿಗೂ ಸೇರಿದ್ದು. ಗುಂಡಿಯನ್ನು ಒಂದು ಕಡೆ ಒತ್ತಿದರೆ ಕರೆಂಟು ಒಂದು ದಿಕ್ಕಿನಲ್ಲಿ ಹರಿಯುತ್ತದೆ, ಇನ್ನೊಂದು ಕಡೆ ಒತ್ತಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತದೆ. ಗಾಜು ಕೊನೆಗೆ ಮುಟ್ಟಿದ ಮೇಲೂ ಗುಂಡಿ ಒತ್ತಿ ಹಿಡಿದರೆ 'ಕಟಕಟ' ಎನ್ನುತ್ತದಲ್ಲ, ಅದು ಹಲ್ಲುಚಕ್ರ ಮುರಿಯದಂತೆ ಒಳಗಿನ ಭಾಗ ಜಾರಿಕೊಳ್ಳುವ ಶಬ್ದ.

"ಮೊದಲು ಕಿವಿ ಕೊಟ್ಟು ಕೇಳ್ಬೇಕು" ಎಂದ ಹುಡುಗ. ಮಗ ಗುಂಡಿ ಒತ್ತಿದ, ನಾವು ಕನ್ನಡಿಗೆ ಕಿವಿಯಿಟ್ಟೆವು. ಮೋಟಾರಿನ ಶಬ್ದ ಕೇಳಿಸಿ ಗಾಜು ಅಲುಗದಿದ್ದರೆ ತೊಂದರೆ ಹಲ್ಲುಚಕ್ರದಲ್ಲೋ ಕ್ಲಿಪ್ಪಿನಲ್ಲೋ ಇರುತ್ತದೆ. ಶಬ್ದವೇ ಇಲ್ಲದಿದ್ದರೆ ಮೋಟಾರು ಸತ್ತಿದೆ, ಇಲ್ಲವೇ ಅಲ್ಲಿಗೆ ಕರೆಂಟು ಬರುತ್ತಿಲ್ಲ. ನಮ್ಮದರಲ್ಲಿ ಶಬ್ದವಿರಲಿಲ್ಲ. ಎರಡೂ ಕನ್ನಡಿಗಳಿಗೆ ಇರುವುದು ಒಂದೇ ಫ್ಯೂಸ್. ಬಲಗನ್ನಡಿ ಕೆಲಸ ಮಾಡುತ್ತಿರುವುದರಿಂದ ಫ್ಯೂಸ್ ಸರಿಯಿದೆ ಎಂದಾಯಿತು. ಎರಡೂ ಸತ್ತಿದ್ದರೆ ಮೊದಲು ಫ್ಯೂಸನ್ನೇ ನೋಡಬೇಕಿತ್ತು.

ಆಮೇಲೆ ಗಾಜು ತೆಗೆಯುವ ಕೆಲಸ. ಗಾಜಿನ ಮೇಲೆ ಅಡ್ಡಡ್ಡ ಸೆಲ್ಲೊಟೇಪ್ ಅಂಟಿಸಿದೆವು, ಒಡೆದರೂ ಚೂರುಗಳು ಚೆಲ್ಲದಿರಲೆಂದು. ಕೈಗೆ ದಪ್ಪ ಕೈಚೀಲ ಹಾಕಿ, ಗಾಜಿನ ಮೇಲ್ಭಾಗವನ್ನು ಒಳಗೆ ಒತ್ತಿದಾಗ ಕೆಳಗೆ ಬೆರಳು ತೂರುವಷ್ಟು ಸಂದು ಸಿಕ್ಕಿತು. ಕೂದಲು ಒಣಗಿಸುವ ಡ್ರೈಯರಿನಿಂದ ಒಂದೆರಡು ನಿಮಿಷ ಬಿಸಿಗಾಳಿ ಹಾಯಿಸಿದರೆ ಹಳೆಯ ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾಗಿ ಮುರಿಯುವುದಿಲ್ಲ. ಹಾಗೆ ಮಾಡಿ ಮೆಲ್ಲನೆ ಎಳೆದಾಗ ಗಾಜು ಕೈಗೆ ಬಂತು. ಒಳಗೆ ಜೇಡನ ಬಲೆ, ಸತ್ತ ಇರುವೆಗಳು, ಹದಿನಾಲ್ಕು ವರ್ಷದ ಧೂಳು. ಗಾಜಿನ ಹಿಂದಿನ ತಟ್ಟೆಯಲ್ಲಿ ಒಂದು ಕ್ಲಿಪ್ಪು ಮುರಿದಿತ್ತು. ಮುರಿದ ಜಾಗ ಹೊಸತಾಗಿ ಬಿಳಿಚಿಕೊಂಡಿತ್ತು.

'ಟಕ್' ಎಂದ ಆ ಶಬ್ದ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು. ಅದನ್ನು ಮುರಿದದ್ದು ನಾವೇ. ಗುಂಡಿ ಕೆಟ್ಟಾಗ ಸರಿಪಡಿಸದೆ, ಅವಸರದಲ್ಲಿ ಗಾಜಿನ ಅಂಚನ್ನು ಒತ್ತಿ ಒತ್ತಿ ಕ್ಲಿಪ್ಪು ಮುರಿದದ್ದು ನಾವು. ಕ್ಲಿಪ್ಪು ಮುರಿದದ್ದರಿಂದ ಗಾಜು ಜಾರಿತು. ಗಾಜು ಜಾರಿದ್ದರಿಂದ ಆ ತಾಯಿ ಮಗಳು ಬಿದ್ದರು. ಶಿಕ್ಷೆಯಾದದ್ದು ಅಪ್ಪನಿಗೆ.

ತುಂಡಾದ ತಂತಿ

ಬಾಗಿಲಿನ ಒಳಬದಿಯಲ್ಲಿ ಕನ್ನಡಿಯ ನೇರಕ್ಕೆ ಒಂದು ತ್ರಿಕೋನಾಕಾರದ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಅದನ್ನು ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಕನ್ನಡಿಯ ತಂತಿಗಳ ಪ್ಲಗ್ ಸಿಕ್ಕಿತು. ಕೆಲವು ಕಾರುಗಳಲ್ಲಿ ಇದಕ್ಕಾಗಿ ಬಾಗಿಲಿನ ಇಡೀ ಒಳಹೊದಿಕೆಯನ್ನೇ ಬಿಚ್ಚಬೇಕಾಗುತ್ತದೆ. ಪ್ಲಗ್ ಕಳಚಿ, ಕನ್ನಡಿಯ ಕಡೆಯ ಎರಡು ಪಿನ್ನುಗಳಿಗೆ 9 ವೋಲ್ಟಿನ ಚೌಕ ಬ್ಯಾಟರಿಯಿಂದ ಎರಡು ತುಂಡು ತಂತಿ ಮುಟ್ಟಿಸಿದೆವು. 'ಝುಂಯ್' ಎಂದು ಮೋಟಾರು ತಿರುಗಿತು! ತಂತಿ ಅದಲುಬದಲು ಮಾಡಿದಾಗ ಹಿಂದಕ್ಕೆ ತಿರುಗಿತು. ಇನ್ನೊಂದು ಮೋಟಾರೂ ಹಾಗೆಯೇ. ಆರೂವರೆ ಸಾವಿರದ ಸೆಟ್ಟು ಬೇಕಿರಲಿಲ್ಲ. ಎರಡು ಮೋಟಾರುಗಳೂ ಜೀವಂತವಾಗಿದ್ದವು. ಅವುಗಳಿಗೆ ಕರೆಂಟು ತಲುಪುತ್ತಿರಲಿಲ್ಲ, ಅಷ್ಟೇ.

ಕಾರಿನ ಕಡೆಯ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದು, ಮಗ ಗುಂಡಿ ಒತ್ತಿದಾಗ ಏನೂ ತೋರಿಸಲಿಲ್ಲ. ಹುಡುಗ ಬಾಗಿಲಿನ ತಿರುಗಣಿಯ ಬಳಿ ಇರುವ ಕಪ್ಪು ರಬ್ಬರ್ ಕೊಳವೆಯನ್ನು ಹಿಡಿದು ಅತ್ತಿತ್ತ ಬಾಗಿಸಿದ. "ಈಗ ಒತ್ತು" ಎಂದ. ಮೀಟರಿನ ಅಂಕೆ ಒಮ್ಮೆ ಹನ್ನೆರಡಕ್ಕೆ ಹಾರಿ ಮತ್ತೆ ಸೊನ್ನೆಗೆ ಇಳಿಯಿತು. "ಸಿಕ್ತು ಮಾಸ್ಟ್ರೇ!" ಎಂದು ಕೂಗಿದ. ಜಗಲಿಯಲ್ಲಿ ಕುಳಿತಿದ್ದ ಅಪ್ಪ ಎದ್ದು ಬಂದರು.

ಬಾಗಿಲು ತೆರೆದು ಹಾಕುವಾಗಲೆಲ್ಲ ಆ ರಬ್ಬರಿನೊಳಗಿನ ತಂತಿಗಳು ಬಾಗುತ್ತವೆ. ಹದಿನಾಲ್ಕು ವರ್ಷ ಬಾಗಿ ಬಾಗಿ ಒಂದು ತಂತಿ ಒಳಗೆ ತುಂಡಾಗಿತ್ತು. ಹೊರಗಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದ್ದರಿಂದ ಹೊರಗಿನಿಂದ ನೋಡಿದವರಿಗೆ ಗೊತ್ತಾಗದು. ನಮ್ಮ ಕಡಲ ಕರೆಯ ತೇವ, ಮಳೆ ಸೇರಿ ತುಂಡಾದ ಜಾಗದಲ್ಲಿ ತಾಮ್ರ ಹಸಿರುಗಟ್ಟಿತ್ತು. ಅದು ಎರಡು ಮೋಟಾರುಗಳಿಗೂ ಸೇರಿದ ತಂತಿ, ಹಾಗಾಗಿ ಎರಡೂ ನಿಂತಿದ್ದವು.

ಮೊದಲು ಹತ್ತನೇ ನಂಬರಿನ ಸ್ಪ್ಯಾನರಿನಿಂದ ಕಾರಿನ ಬ್ಯಾಟರಿಯ ಮೈನಸ್ ತಂತಿ ಕಳಚಿದೆವು. ಮಾಮೂಲು ಮಾಡುವ ಹಾಗೆ ತಂತಿ ತಿರುಚಿ ಕಪ್ಪು ಟೇಪ್ ಸುತ್ತಿಬಿಡೋಣ ಎಂದು ನಾವೆಂದೆವು. ಹುಡುಗ ಒಪ್ಪಲಿಲ್ಲ. ಹಸಿರುಗಟ್ಟಿದ ಭಾಗವನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಂತಿಯ ತುಂಡನ್ನು ಸ್ವಲ್ಪ ಉದ್ದವಾಗಿಯೇ ಸೇರಿಸಿದ. ಎರಡೂ ತುದಿಗಳಿಗೆ ಬೆಸುಗೆ ಹಾಕಿ, ಅವುಗಳ ಮೇಲೆ ಬಿಸಿ ಮಾಡಿದರೆ ಕುಗ್ಗಿ ಅಂಟಿಕೊಳ್ಳುವ ಸಣ್ಣ ಕೊಳವೆ ತೊಡಿಸಿದ. ಬೆಸುಗೆ ಹಾಕಿದ ಜಾಗ ಗಡುಸಾಗುತ್ತದೆ, ಅದು ಬಾಗುವಲ್ಲಿ ಬಂದರೆ ಮತ್ತೆ ಅಲ್ಲೇ ತುಂಡಾಗುತ್ತದೆ. ಆದ್ದರಿಂದ ಎರಡೂ ಬೆಸುಗೆಗಳು ರಬ್ಬರಿನ ಬಾಗುವ ಭಾಗದಿಂದ ಆಚೆ ಈಚೆ ಇರುವಂತೆ ನೋಡಿಕೊಂಡ. ಬ್ಯಾಟರಿ ಜೋಡಿಸಿ, ಕಳಚಿದ್ದ ಪ್ಲಗ್ ಹಾಕಿ, ಗುಂಡಿ ಒತ್ತಿದಾಗ ಗಾಜಿಲ್ಲದ ಕನ್ನಡಿಯೊಳಗೆ ಮೋಟಾರು ತಿರುಗಿತು. ಮಗ ಚಪ್ಪಾಳೆ ತಟ್ಟಿದ.

ಒಡೆದ ಗಾಜು

ಇನ್ನು ಗಾಜು. ಪೇಟೆಯ ಗಾಜಿನಂಗಡಿಯಲ್ಲಿ ಅದೇ ಆಕಾರಕ್ಕೆ ಕನ್ನಡಿ ಕತ್ತರಿಸಿ ಕೊಡುತ್ತಾರೆ, ಅಗ್ಗವೂ ಹೌದು. ಆದರೆ ನಮ್ಮ ಕಾರಿನ ಎಡಗನ್ನಡಿ ಸ್ವಲ್ಪ ಉಬ್ಬಿದ ಗಾಜಿನದು. ಉಬ್ಬಿದ ಕನ್ನಡಿಯಲ್ಲಿ ಹೆಚ್ಚು ಅಗಲದ ಜಾಗ ಕಾಣುತ್ತದೆ. ಆದರೆ ವಸ್ತುಗಳು ಚಿಕ್ಕದಾಗಿ ಕಾಣುವುದರಿಂದ, ನಿಜವಾಗಿ ಇರುವುದಕ್ಕಿಂತ ದೂರದಲ್ಲಿವೆ ಎನಿಸುತ್ತದೆ. ಚಪ್ಪಟೆ ಕನ್ನಡಿ ಅಂಟಿಸಿದರೆ ಅಷ್ಟು ಅಗಲ ಕಾಣದು. ಆ ಸ್ಕೂಟರನ್ನು ನೆನೆದು, ಅಗ್ಗದ ಆಸೆ ಬಿಟ್ಟೆವು. ಮಂಗಳೂರಿನ ಬಿಡಿಭಾಗದ ಅಂಗಡಿಯಲ್ಲಿ ಹಿಂದಿನ ತಟ್ಟೆ ಸಮೇತ ಗಾಜು ಮಾತ್ರ ಸಿಕ್ಕಿತು, 480 ರೂಪಾಯಿಗೆ.

ಅದನ್ನು ಕೂರಿಸುವಾಗ ಮತ್ತೆ ನಮ್ಮ ಅವಸರ! ಅಂಗೈಯನ್ನು ಗಾಜಿನ ನಡುವೆ ಇಟ್ಟು, ಬಟ್ಟೆ ಅಡ್ಡಕೊಟ್ಟು, ಸಮನಾಗಿ ಒತ್ತಬೇಕು. ಒಂದೊಂದೇ ಕ್ಲಿಪ್ಪು 'ಕ್ಲಿಕ್' ಎನ್ನುತ್ತದೆ. ನಾವು ಅಂಚಿಗೆ ಬೆರಳು ಕೊಟ್ಟು ಒತ್ತಿದೆವು. ಮೂಲೆಯಿಂದ ಮೂಲೆಗೆ ಬಿರುಕು ಬಿತ್ತು. ಮುರಿದ ಕ್ಲಿಪ್ಪು ಕಲಿಸಿದ ಪಾಠವನ್ನು ಒಂದೇ ವಾರದಲ್ಲಿ ಮರೆತಿದ್ದೆವು. ಅಮ್ಮ ಅಡುಗೆ ಮನೆಯ ಕಿಟಕಿಯಿಂದ ನೋಡಿ, "ಅಪ್ಪನಿಗೆ ಕೊಡಿ, ಅವರು ಮಾಡ್ತಾರೆ" ಎಂದರು.

ಮರುವಾರ ಇನ್ನೊಂದು ಗಾಜು ತಂದೆವು. ಆ ಸಲ ಕೂರಿಸಿದ್ದು ಅಪ್ಪ. ಮೊದಲು ಗುಂಡಿ ಒತ್ತಿಸಿ ಒಳಗಿನ ಭಾಗವನ್ನು ನೇರಕ್ಕೆ ತರಿಸಿದರು. ಮಡಚಿದ ಬಟ್ಟೆ ಇಟ್ಟು, ಅಂಗೈಯಿಂದ ನಿಧಾನವಾಗಿ ಒತ್ತಿದರು. ಕ್ಲಿಕ್, ಕ್ಲಿಕ್, ಕ್ಲಿಕ್. ಎರಡು ಗಾಜು, ತಂತಿ, ಕೊಳವೆ, ಟೇಪ್ ಎಲ್ಲ ಸೇರಿ 1,150 ರೂಪಾಯಿ ಆಯಿತು. ನಮ್ಮ ಅವಸರದ ಬಾಬ್ತು ಅದರಲ್ಲಿ 480. ವಯರಿಂಗ್ ಹುಡುಗ ಹಣ ಮುಟ್ಟಲಿಲ್ಲ. ಅಮ್ಮ ಕಟ್ಟಿಕೊಟ್ಟ ತೆಂಗಿನಕಾಯಿಗಳನ್ನು ಮಾತ್ರ ಒಯ್ದ.

ಕೆಲಸ ಮುಗಿದ ಮೇಲೆ ಅಪ್ಪ ಮೊಮ್ಮಗನಿಗೆ ಪಾಠ ಶುರುಮಾಡಿದರು. 1909ರಲ್ಲಿ ಡೊರೊಥಿ ಲೆವಿಟ್ ಎಂಬ ಇಂಗ್ಲೆಂಡಿನ ಮಹಿಳೆ ಕಾರು ಓಡಿಸುವ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿ, ಹಿಂದಿನ ವಾಹನ ನೋಡಲು ಒಂದು ಕೈಗನ್ನಡಿ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದರಂತೆ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ 500 ಮೈಲಿ ಓಟದಲ್ಲಿ ರೇ ಹಾರೂನ್ ಎಂಬವರು ಕಾರಿಗೆ ಕನ್ನಡಿ ಕಟ್ಟಿ, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಓಡಿಸಿ ಗೆದ್ದರಂತೆ. ಉಳಿದವರ ಕಾರುಗಳಲ್ಲಿ ಹಿಂದೆ ನೋಡಿ ಹೇಳಲು ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಇರುತ್ತಿದ್ದ. "ಅಂದರೆ ಕನ್ನಡಿ ಎಂದರೆ ಪಕ್ಕದಲ್ಲಿ ಕೂತ ಇನ್ನೊಬ್ಬ ಮನುಷ್ಯ ಅಂತ ಲೆಕ್ಕ" ಎಂದರು ಅಪ್ಪ. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಹಳೆಯ ಮಾಸ್ಟ್ರು ಕೇಳಿಸಿದರು.

ಮೊಳೆಗೆ ಮರಳಿದ ಕೀಲಿಕೈ

ಅಂದು ಸಂಜೆ ನಾವು ಕೀಲಿಕೈಯನ್ನು ಅಪ್ಪನ ಮುಂದಿಟ್ಟೆವು. "ನಮ್ಮದು ತಪ್ಪಾಯಿತು ಅಪ್ಪ. ಅವತ್ತು ನೀವು ಹೇಳಿದ್ದನ್ನು ನಾವು ನಂಬಲಿಲ್ಲ" ಎಂದೆವು. ಇಷ್ಟು ಹೇಳಲು ನಾಲ್ಕು ತಿಂಗಳು ಬೇಕಾಯಿತು.

ಅಪ್ಪ ಕೀಲಿಕೈಯನ್ನು ಕೈಯಲ್ಲಿ ಹಿಡಿದು, "ತಪ್ಪು ನನ್ನದೂ ಉಂಟು" ಎಂದರು. "ಕನ್ನಡಿಯಲ್ಲಿ ಕಾಣುದಿಲ್ಲ ಅಂತ ಗೊತ್ತಾದ ಮೇಲೆ ಗಾಡಿ ನಿಲ್ಲಿಸಬೇಕಿತ್ತು. ಅಮ್ಮನನ್ನು ಇಳಿಸಿ ಸರಿಮಾಡಿಸಬೇಕಿತ್ತು. ಹತ್ತಿರವೇ ಅಲ್ಲವಾ ಅಂತ ತಿರುಗಿಸಿದೆ. ಆ ಮಗುವಿಗೆ ಏನಾದರೂ ಆಗಿದ್ದರೆ, ಕನ್ನಡಿ ಕೆಟ್ಟಿತ್ತು ಅಂತ ಯಾರ ಹತ್ತಿರ ಹೇಳುದು?"

ಮರುವಾರ ಅವರೇ ಹೇಳಿ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡರು. ಒಂದು ಕಣ್ಣಿನಲ್ಲಿ ಪೊರೆಯ ಆರಂಭವಿದೆ, ಸದ್ಯ ಚಿಂತೆಯಿಲ್ಲ ಎಂದರು ಡಾಕ್ಟರು. ಆಗ ಅಪ್ಪ ತಾವಾಗಿಯೇ ನಿಯಮ ಹಾಕಿಕೊಂಡರು. ರಾತ್ರಿ ಓಡಿಸುವುದಿಲ್ಲ, ಜೋರು ಮಳೆಯಲ್ಲಿ ಓಡಿಸುವುದಿಲ್ಲ, ಹೆದ್ದಾರಿಗೆ ಹೋಗುವುದಿಲ್ಲ. ಇಗರ್ಜಿ, ಬ್ಯಾಂಕು, ಪಕ್ಕದ ಪೇಟೆ, ಇಷ್ಟೇ. ನಾವು ಹೇಳಿ ಬಿಡಿಸಿದಾಗ ಅವರ ಮುಖ ಬಾಡಿತ್ತು. ಅವರಾಗಿ ಬಿಟ್ಟದ್ದಕ್ಕೆ ಅಂಥ ಬೇಸರ ಕಾಣಲಿಲ್ಲ.

ಇದನ್ನು ಓದಿ ಮಾಡಿನೋಡುವವರಿಗೆ ಎರಡು ಮಾತು. ನಿಮ್ಮ ಕಾರಿನ ಕನ್ನಡಿಯಲ್ಲಿ ಇಂಡಿಕೇಟರ್ ದೀಪ, ತಾನಾಗಿ ಮಡಚುವ ಮೋಟಾರು, ಗಾಜು ಬಿಸಿಮಾಡುವ ತಂತಿ ಅಥವಾ ಕ್ಯಾಮೆರಾ ಇದ್ದರೆ ತಂತಿಗಳು ಮೂರಕ್ಕಿಂತ ಹೆಚ್ಚಿರುತ್ತವೆ. ಯಾವುದು ಯಾವುದೆಂದು ತಿಳಿಯದೆ ಬ್ಯಾಟರಿ ಮುಟ್ಟಿಸಬೇಡಿ, ತಿಳಿದವರನ್ನು ಕರೆಯಿರಿ. ಇನ್ನು, ಕನ್ನಡಿಯನ್ನು ಕೈಯಿಂದ ತಿರುಗಿಸಲೇಬೇಕಾದರೆ ಅಂಚನ್ನು ಒಂದೇ ಸಲ ಜೋರಾಗಿ ಒತ್ತಬೇಡಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕನ್ನಡಿ ಹೊಂದಿಸುವಾಗ ರಸ್ತೆ ಮತ್ತು ಆಕಾಶ ಕೂಡುವ ಗೆರೆ ಸುಮಾರು ನಡುವೆ ಬರಲಿ. ನಿಮ್ಮದೇ ಕಾರಿನ ಬದಿ ತೆಳ್ಳಗೆ ಕಂಡರೆ ಸಾಕು, ಅದನ್ನು ನೋಡುತ್ತ ಕೂರಬೇಕಾಗಿಲ್ಲ. ಹಾಗೆ ಮಾಡಿದರೂ ಕನ್ನಡಿಗೆ ಕಾಣದ ಜಾಗ ಸ್ವಲ್ಪ ಉಳಿಯುತ್ತದೆ. ಎಡಬಾಗಿಲು ಹಾಕಿದ ಮೇಲೆ ಮತ್ತೊಮ್ಮೆ ನೋಡಿಕೊಳ್ಳುವುದನ್ನು ಮರೆಯಬೇಡಿ.

2025ರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿತು. ತಪಾಸಣೆ ಮಾಡಿಸಿ, ನೋಂದಣಿಯನ್ನು ಇನ್ನೂ ಐದು ವರ್ಷಕ್ಕೆ ನವೀಕರಿಸಿದೆವು. ಅದೇ ವರ್ಷ ಅಪ್ಪನ ಲೈಸೆನ್ಸಿನ ಅವಧಿಯೂ ಮುಗಿದು, ವೈದ್ಯರ ಸರ್ಟಿಫಿಕೇಟಿನೊಂದಿಗೆ ಅದಕ್ಕೂ ಐದು ವರ್ಷ ಸಿಕ್ಕಿತು. ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ಅಪ್ಪ ನಕ್ಕರು. "ಇಬ್ಬರಿಗೂ ಒಂದೇ ತರಗತಿ. ಯಾರು ಮೊದಲು ಪಾಸಾಗ್ತಾರೆ ನೋಡುವ."

ಈಗ ಕೀಲಿಕೈ ಮತ್ತೆ ಆ ಮೊಳೆಯಲ್ಲಿದೆ. ಭಾನುವಾರ ಅಪ್ಪ ಓಡಿಸುತ್ತಾರೆ, ಅಮ್ಮ ಎಡಕ್ಕೆ, ನಾವು ಹಿಂದೆ. ಅಮ್ಮ ಬಾಗಿಲು ಹಾಕಿದ ಮೇಲೆ ಅಪ್ಪ ಒಂದು ಸಲ ಗುಂಡಿ ಒತ್ತಿ ಕನ್ನಡಿಯನ್ನು ಅತ್ತಿತ್ತ ಮಾಡಿ, ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಬೇಕಿಲ್ಲದಿದ್ದರೂ ಹಾಗೆ ಮಾಡುತ್ತಾರೆ. ಆಮೇಲೆ ಹಿಂದೆ ತಿರುಗಲಾಗದ ಆ ಕತ್ತನ್ನು ನೇರವಾಗಿಟ್ಟುಕೊಂಡೇ ನಮ್ಮನ್ನು ಕೇಳುತ್ತಾರೆ: "ಎಡಗಡೆ ಯಾರಾದ್ರೂ ಬರ್ತಾ ಇದ್ದಾರಾ ನೋಡಿ ಮಕ್ಕಳೇ." ನಾವು ತಿರುಗಿ, ಚೆನ್ನಾಗಿ ನೋಡಿ, ಆಮೇಲೆ ಉತ್ತರ ಹೇಳುತ್ತೇವೆ.